ಹೋಗಮ್ಮನ ಇಂಗ್ಲಿಷು

ನಮ್ಮತ್ತೆಯನ್ನು ಆಸ್ಪತ್ರೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವರು ‘ಹೋಗಮ್ಮ’. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿ ನನಗೆ ಕಸಿವಿಸಿಯಾಗಿತ್ತು. ಯಾರನ್ನೋ ಬಾಗಿಲಿಂದ ಅಟ್ಟುವ ಹಾಗಿದೆಯಲ್ಲ, ಇದೂ ಒಂದು ಹೆಸರೇ ಎಂದು ಗಂಡನನ್ನು ಕೇಳಿದೆ. “ಅಟ್ಟೋದೇ ಅಮ್ಮನ ಕೆಲಸ” ಎಂದು ನಕ್ಕರು. ಅವರಿಗೆ ಯಾವಾಗಲೂ ಅರ್ಧ ಹೇಳಿಯೇ ಅಭ್ಯಾಸ. ಲಿಫ್ಟ್ ರಿಪೇರಿಯ ಕೆಲಸ. ಮಾತು ಮುಗಿಯುವಷ್ಟರಲ್ಲಿ ಎಲ್ಲೋ ಯಾರೋ ನಡುವೆ ಸಿಕ್ಕಿಕೊಂಡಿರುತ್ತಾರೆ, ಫೋನು ಬರುತ್ತದೆ.

ಅತ್ತೆ ಮಕ್ಕಳ ವಾರ್ಡಿನ ಆಯಾ. ಅವರ ಅಕ್ಕನಿಗೆ ಕಾಮಾಲೆಯಾದಾಗ ಆಕೆಯ ಬದಲಿಗೆಂದು ಕೆಲವು ದಿನದ ಮಟ್ಟಿಗೆ ಕೆಲಸಕ್ಕೆ ಹೋದವರು. ಅಕ್ಕ ಹುಷಾರಾದ ಮೇಲೆ ಆ ಫಿನಾಯಿಲಿನ ವಾಸನೆಯೇ ತನಗಾಗದು ಎಂದು ಹೊಲಿಗೆ ಅಂಗಡಿ ಸೇರಿಕೊಂಡರು. ಇವರು ಅಲ್ಲೇ ಉಳಿದರು. ಆಗ ನನ್ನ ಗಂಡ ಅಂಬೆಗಾಲಿಡುತ್ತಿದ್ದ ಮಗು. ಈಗ ಅವರ ಮುಂದಲೆಯ ಕೂದಲೇ ಹೋಗಿದೆ. ಅಷ್ಟೂ ಕಾಲ ಅತ್ತೆ ಅದೇ ವಾರ್ಡಿನಲ್ಲಿ ಚಾದರ ಬದಲಿಸಿದ್ದಾರೆ, ವಾಂತಿ ಒರೆಸಿದ್ದಾರೆ, ಸೂಜಿ ಚುಚ್ಚುವಾಗ ಪುಟ್ಟ ಕೈಗಳನ್ನು ಅಲುಗಾಡದಂತೆ ಹಿಡಿದಿದ್ದಾರೆ, ತಾಯಂದಿರು ಮುಖ ತೊಳೆದು ಬರುವವರೆಗೆ ಮಂಚದ ಪಕ್ಕ ಕೂತಿದ್ದಾರೆ.

ಆ ವಾರ್ಡಿನಲ್ಲಿ ಹೊರಡುವವರನ್ನು ಕಳಿಸುವುದಕ್ಕೆ ಒಂದು ಕ್ರಮವಿದೆ. ಅತ್ತೆಗೆ ಕೆಲಸ ಕಲಿಸಿದ ಹಳೆಯ ಆಯಾ ಮೊದಲ ದಿನವೇ ಹೇಳಿಕೊಟ್ಟದ್ದು ಅದನ್ನೇ ಅಂತೆ. ಮೊದಲು ಚೀಲವನ್ನು ಬಾಗಿಲಾಚೆ ಇಡಬೇಕು, ಆಮೇಲೆ ಮಗುವನ್ನು ದಾಟಿಸಬೇಕು. ಅವರು ಲಿಫ್ಟಿನವರೆಗೆ ತಲುಪುವಷ್ಟರಲ್ಲಿ ಮಂಚದ ಚಾದರ ಕಿತ್ತು ಮೂಟೆ ಸೇರಿರಬೇಕು. ಏನಾದರೂ ಮರೆತು ಹೊರಟಿದ್ದರೆ ಹಿಂದಿನಿಂದ ಕೂಗಕೂಡದು, ತಾನೇ ಮೆಟ್ಟಿಲಿಳಿದು ಓಡಿ ಕೊಟ್ಟು ಬರಬೇಕು. ಎಲ್ಲಕ್ಕಿಂತ ಮುಖ್ಯ, ಆ ಬಾಗಿಲಲ್ಲಿ ನಿಂತು ‘ಹೋಗಿ ಬನ್ನಿ’ ಎನ್ನಕೂಡದು.

ಮನೆಯಲ್ಲಿ ಇದೇ ಅತ್ತೆ, ನಾನು ಮೂಲೆಯಂಗಡಿಗೆ ಹೊರಟು ‘ಹೋಗ್ತೀನಿ’ ಎಂದರೆ ಸಾಕು, “ಬರ್ತೀನಿ ಅನ್ನಮ್ಮ, ಬಾಯಿಗೇನು ಬಂದಿದೆ!” ಎಂದು ಗದರಿಸುತ್ತಾರೆ. ವಾರ್ಡಿನ ಬಾಗಿಲಲ್ಲಿ ಮಾತ್ರ ಎಲ್ಲ ತಿರುಗುಮುರುಗು. ಮಗುವಿನ ಗಲ್ಲ ತಟ್ಟಿ, ಬೆರಳೆತ್ತಿ, “ಹೋಗಮ್ಮ ಹೋಗು! ಇನ್ನೊಂದ್ಸಲ ಈ ಕಡೆ ತಲೆ ಹಾಕಿದ್ರೆ ನೋಡು ಮತ್ತೆ!” ಎನ್ನುತ್ತಾರೆ. ಮಕ್ಕಳು ಕಿಲಕಿಲ ನಗುತ್ತವೆ. ತಾಯಂದಿರ ಕಣ್ಣು ತುಂಬುತ್ತದೆ. ಹೆಸರು ಬಂದದ್ದು ಹೀಗೆ.

ನಮ್ಮ ಪುಟ್ಟಿ ಹುಟ್ಟಿ ಕೂರಲು ಕಲಿಯುವ ಹೊತ್ತಿಗೆ ಆಸ್ಪತ್ರೆ ಕೈ ಬದಲಾಯಿತು. ಹೊಸ ಯಜಮಾನರು ಬಂದರು, ಗೋಡೆಗೆ ಹೊಸ ಬಣ್ಣ ಬಂತು, ಕಾರಿಡಾರಿನಲ್ಲಿ ಪ್ಲಾಸ್ಟಿಕ್ಕಿನ ಗಿಡಗಳು ಬಂದವು. ವಾರ್ಡಿನಲ್ಲಿ ನಿಲ್ಲುವವರೆಲ್ಲ ನಾಲ್ಕು ಮಾತು ಇಂಗ್ಲಿಷ್ ಆಡಬೇಕು ಎಂಬ ಕಟ್ಟಳೆಯೂ ಬಂತು. ತರಬೇತಿಗೆಂದು ಒಬ್ಬ ಮೇಡಂ ಬರುತ್ತಾರೆ, ತಿಂಗಳ ಕೊನೆಗೆ ಪರೀಕ್ಷೆ. ಪಾಸಾದವರು ವಾರ್ಡಿನಲ್ಲೇ, ಆಗದವರು ನೆಲಮಾಳಿಗೆಯ ಲಾಂಡ್ರಿಗೆ.

ಲಾಂಡ್ರಿ ಎಂದರೆ ಕಿಟಕಿಯಿಲ್ಲದ ಜಾಗ. ಬಿಸಿನೀರಿನ ಹಬೆ, ಬ್ಲೀಚಿನ ಘಾಟು. ಅತ್ತೆಗೆ ಮೊದಲೇ ಉಬ್ಬಸ. ಆದರೆ ನಿಜ ಹೇಳುತ್ತೇನೆ, ಆ ಸುದ್ದಿ ಕೇಳಿದಾಗ ನನಗೆ ಮೊದಲು ಹೊಳೆದದ್ದು ಉಬ್ಬಸವಲ್ಲ, ಪಾಳಿ. ವಾರ್ಡಿನಲ್ಲಿ ಅವರದು ಬೆಳಗಿನ ಪಾಳಿ. ಊಟದ ಹೊತ್ತಿಗೆ ಮನೆಯಲ್ಲಿರುತ್ತಾರೆ. ಲಾಂಡ್ರಿಯದು ಮಧ್ಯಾಹ್ನ ಶುರುವಾಗಿ ದೀಪ ಹಚ್ಚಿದ ಮೇಲೆ ಮುಗಿಯುವ ಪಾಳಿ. ನಾನು ಹೆರಿಗೆಗೆ ಮುಂಚೆ ಕನ್ನಡಕದ ಅಂಗಡಿಯೊಂದರ ಕೌಂಟರಿನಲ್ಲಿ ಕೂರುತ್ತಿದ್ದೆ. ಮುಂದಿನ ತಿಂಗಳಿಂದ ಮಧ್ಯಾಹ್ನ ಮಾತ್ರ ಬಾ ಎಂದು ಅಂಗಡಿಯವರು ಒಪ್ಪಿದ್ದರು. ಅತ್ತೆ ಒಳಗೆ ಬಂದರೆ ನಾನು ಹೊರಗೆ, ಪುಟ್ಟಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಎಲ್ಲ ಲೆಕ್ಕವೂ ಅತ್ತೆಯ ಬೆಳಗಿನ ಪಾಳಿಯ ಮೇಲೆ ನಿಂತಿತ್ತು. ಪುಟ್ಟಿಯನ್ನು ಬೇರೆಯವರ ಕೈಗೆ ಕೊಡುವುದೆಂದರೆ ನನಗೆ ಆಗದು. ಅವಳು ನಿದ್ದೆಯಲ್ಲಿ ಸ್ವಲ್ಪ ಹೊತ್ತು ಅಲುಗಾಡದೆ ಇದ್ದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುವವಳು ನಾನು.

“ಇಂಗ್ಲಿಷ್ ಮೀಡಿಯಂ ಓದಿದೋಳು ಮನೇಲೇ ಇದೀಯಲ್ಲ, ಕಲಿಸು ನೋಡೋಣ” ಎಂದರು ಅತ್ತೆ. ಅಡುಗೆಮನೆಯಲ್ಲೇ ಪಾಠ ಶುರುವಾಯಿತು. ಸೊಂಟದ ಮೇಲೆ ಪುಟ್ಟಿ, ಒಲೆಯ ಮೇಲೆ ಹಾಲು, ಬಾಯಲ್ಲಿ ಇಂಗ್ಲಿಷು.

ಅವರಿಗೆ ಯಾವ ಪದ ಬಳಕೆಗೆ ಬರುತ್ತದೋ ಅದರಿಂದಲೇ ಹಿಡಿಯೋಣ ಎಂದು ‘ಗೋ’ದಿಂದ ಶುರುಮಾಡಿದೆ. ಹಾಳೆಯೊಂದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಡಬ್ಬಿಗಳ ಕಪಾಟಿಗೆ ಅಂಟಿಸಿದೆ. ಗೋ, ಗೋಸ್, ಗೋಯಿಂಗ್, ವೆಂಟ್, ಗಾನ್. ಅತ್ತೆಗೆ ಎ ಬಿ ಸಿ ಡಿ ಗೊತ್ತು, ಔಷಧಿಯ ಡಬ್ಬಗಳಿಂದ ಕಲಿತದ್ದು. ಓದುವುದಕ್ಕೆ ತೊಂದರೆಯಾಗಲಿಲ್ಲ. ನಂಬುವುದಕ್ಕೇ ತೊಂದರೆಯಾಯಿತು.

“ಅಲ್ಲಮ್ಮ, ಗೋ, ಗೋಸ್, ಗೋಯಿಂಗ್ ಎಲ್ಲ ಒಂದೇ ತಾಯಿ ಮಕ್ಕಳ ಥರ ಇದಾವೆ. ಮಧ್ಯೆ ಈ ವೆಂಟ್ ಯಾರು? ಮುಖದಲ್ಲಿ ಒಂಚೂರೂ ಹೋಲಿಕೆ ಇಲ್ಲ.”

“ಅದೂ ಅದೇ ಅತ್ತೆ. ನಿನ್ನೆ ಹೋಗಿದ್ದಾದ್ರೆ ವೆಂಟ್.”

“ನಿನ್ನೆ ಹೋದ್ರೆ ಆಳೇ ಬದಲಾಗ್ಬಿಡ್ತಾನಾ?”

“ಹಾಗೇ ಇಟ್ಕೊಳಿ.”

“ಸರಿ. ಐ ಗೋ. ಅವನು ಹೋದ್ರೆ?”

“ಹಿ ಗೋಸ್. ಓ ಆದ್ಮೇಲೆ ಇ, ಎಸ್.”

“ಗಂಡಸು ಹೋದ್ರೆ ಬಾಲ ಹಚ್ಕೊಂಡು ಹೋಗ್ತಾನೆ ಅನ್ನು.”

“ಹೆಂಗಸು ಹೋದ್ರೂ ಬಾಲ ಇರುತ್ತೆ ಅತ್ತೆ. ಶಿ ಗೋಸ್.”

“ಮತ್ತೆ ನಾನು ಹೋದ್ರೆ ಮಾತ್ರ ಇಲ್ವಾ? ನನಗೇನು ಕಮ್ಮಿಯಾಗಿದೆ!”

ನಗು ಬಂತು, ಆದರೆ ನಗುವಷ್ಟೂ ತ್ರಾಣವಿರಲಿಲ್ಲ. ಹಿಂದಿನ ರಾತ್ರಿ ಪುಟ್ಟಿ ಕಣ್ಣು ಮುಚ್ಚಲು ಬಿಟ್ಟಿರಲಿಲ್ಲ. ‘ಗಾನ್’ ಬಂದಾಗ ಅವರು ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು, “ಈ ಇ ಯಾಕೆ ಇಲ್ಲಿ? ಬಾಯಿ ಬಿಡದೆ ಕೂತಿದೆ” ಎಂದರು. ಸುಮ್ಮನೆ ಇದೆ, ಹೇಳುವಾಗ ಬಿಟ್ಟುಬಿಡಿ ಎಂದೆ. “ನಮ್ಮಾವರ ಥರ” ಎಂದು ಹಾಲಿನ ಉರಿ ತಗ್ಗಿಸಿದರು. ಅತ್ತೆಯ ಮಾವ ಬದುಕಿದ್ದಾಗ ಮಾತೇ ಆಡುತ್ತಿರಲಿಲ್ಲವಂತೆ, ಆದರೆ ಊಟಕ್ಕೆ ಅವರು ಬಂದು ಕೂರುವವರೆಗೆ ಯಾರೂ ತಟ್ಟೆ ಮುಟ್ಟುತ್ತಿರಲಿಲ್ಲವಂತೆ.

ಅರ್ಥಗಳ ಪಾಠ ಇನ್ನೂ ಕಷ್ಟವಾಯಿತು. ಹಾಲು ಒಡೆದರೂ ಗೋ, ಕರೆಂಟು ಹೋದರೂ ಗೋ, ಮಲಗಲು ಹೊರಟರೂ ಗೋ, ತಲೆ ಕೆಟ್ಟರೂ ಗೋ. ಗಡಿಯಾರ ನಡೆಯುವುದಕ್ಕೂ ಅದೇ. ಮಗು ಈಗಿನ್ನೇನು ಅಳುತ್ತದೆ ಎನ್ನುವುದಕ್ಕೂ ಗೋಯಿಂಗ್ ಟು ಕ್ರೈ.

“ಅಳೋಕೂ ಹೋಗಬೇಕಾ? ಇಲ್ಲೇ ಕೂತು ಅಳೋ ಹಾಗಿಲ್ವಾ?”

“ಇಂಗ್ಲಿಷ್‌ನಲ್ಲಿ ಹೋಗ್ಲೇಬೇಕು ಅತ್ತೆ.”

“ಪಾಪ, ಕೂತಲ್ಲಿ ಕೂರಕ್ಕೆ ಬಿಡಲ್ಲ ಅನ್ನು ಜನಾನ.”

ಆದರೂ ಕಲಿತರು. ಪಾತ್ರೆ ತೊಳೆಯುವಾಗ, ಚಪ್ಪಲಿ ಮೆಟ್ಟುವಾಗ, ಪುಟ್ಟಿಗೆ ಬಟ್ಟೆ ಬದಲಿಸುವಾಗ ಬಾಯಿಪಾಠ ಹೇಳಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, “ಐ ಆಮ್ ಗೋಯಿಂಗ್” ಎಂದರು. ಮರುಕ್ಷಣ ನಾಲಿಗೆ ಕಚ್ಚಿಕೊಂಡು, “ಬರ್ತೀನಿ ಅನ್ನೋದಕ್ಕೆ ಏನೇ?” ಎಂದು ಕೇಳಿದರು. ಹಾಗೆ ಒಂದೇ ಉಸಿರಿಗೆ ಹೇಳುವ ಮಾತು ಅದರಲ್ಲಿಲ್ಲ ಎಂದೆ. ನಮ್ಮ ಮಾತಿನಲ್ಲೇ “ಬರ್ತೀನಮ್ಮ” ಎಂದು ಸೇರಿಸಿ ಹೊರಟರು.

ತರಬೇತಿ ಮೇಡಂ ಎಲ್ಲರಿಗೂ ಒಂದು ರಟ್ಟಿನ ಕಾರ್ಡು ಕೊಟ್ಟಿದ್ದರು. ವಾರ್ಡಿನಲ್ಲಿ ಆಡಬೇಕಾದ ವಾಕ್ಯಗಳು. ಗುಡ್ ಮಾರ್ನಿಂಗ್ ಇತ್ತು, ಪ್ಲೀಸ್ ವೇಟ್ ಇತ್ತು, ಡಾಕ್ಟರ್ ಈಸ್ ಕಮಿಂಗ್ ಇತ್ತು. ಕೊನೆಯ ಸಾಲು, ‘ಥ್ಯಾಂಕ್ ಯು, ಪ್ಲೀಸ್ ವಿಸಿಟ್ ಅಗೇನ್’.

“ಇದೇನು?” ಎಂದು ಅತ್ತೆ ಕೇಳಿದರು.

“ಧನ್ಯವಾದ, ದಯವಿಟ್ಟು ಮತ್ತೆ ಬನ್ನಿ ಅಂತ.”

“ಯಾರಿಗೆ ಹೇಳೋದು?”

“ಹೊರಡೋರಿಗೆ.”

“ಎಲ್ಲಿಂದ ಹೊರಡೋರಿಗೆ?”

“ಇನ್ನೆಲ್ಲಿಂದ ಅತ್ತೆ, ಆಸ್ಪತ್ರೆಯಿಂದ.”

ಅವರು ಬಟ್ಟೆ ತೆಗೆದುಕೊಂಡು ಒಲೆಯ ಕಟ್ಟೆ ಒರೆಸತೊಡಗಿದರು. ಅದು ಆಗಲೇ ಚೊಕ್ಕಟವಾಗಿತ್ತು.

“ಅದ್ಬಿಟ್ಟು ಬೇರೆ ಕೇಳು” ಎಂದರು.

“ಬರೀ ಬಾಯಿಮಾತು ಅತ್ತೆ. ನಾನು ಅಂಗಡೀಲಿ ದಿನಾ ಹೇಳ್ತಿರ್ಲಿಲ್ವಾ?”

“ನಿಮ್ಮದು ಕನ್ನಡಕ ಕಣಮ್ಮ. ಬರ್ಲಿ, ಬಂದು ಎರಡೆರಡು ತಗೊಂಡು ಹೋಗ್ಲಿ.”

ನಾನು ಒತ್ತಾಯಿಸಿದೆ. ಪರೀಕ್ಷೆಯಲ್ಲಿ ಮೇಡಂ ಎದುರಿಗೆ ಒಂದು ಸಲ ಹೇಳಿಬಿಡಿ, ಆಮೇಲೆ ಬಾಗಿಲಲ್ಲಿ ನೀವು ಏನು ಬೇಕಾದರೂ ಅನ್ನಿ, ಯಾರು ಕೇಳುತ್ತಾರೆ ಎಂದೆ. ಅವರಿಗೂ ಅದು ಸರಿಯೆನಿಸಿತು. “ಮೇಡಂಗೇನು, ಗಟ್ಟಿ ಇದ್ದಾರೆ, ಹೇಳಿದ್ರೆ ತೊಂದ್ರೆ ಇಲ್ಲ” ಎಂದರು. ಆ ಸಾಲನ್ನೂ ಕಲಿತರು. ‘ವಿಜಿಟ್’ ಅನ್ನುತ್ತಿದ್ದುದನ್ನು ನಾನು ತಿದ್ದಿದೆ. ಅಂಗಡಿಗೆ ಉಟ್ಟುಕೊಂಡು ಹೋಗಲು ನನ್ನ ಎರಡು ಸೀರೆಗಳಿಗೆ ಇಸ್ತ್ರಿ ಹಾಕಿ ಇಟ್ಟುಕೊಂಡೆ.

ಪರೀಕ್ಷೆಯ ದಿನ ಅವರು ಬರುವ ಹೊತ್ತಾದರೂ ಬರಲಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಎಷ್ಟು ಸಲ ತಿರುಗಿದೆನೋ. ಕೊನೆಗೆ ಬಂದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಪುಟ್ಟಿಯನ್ನು ಇಸಿದುಕೊಂಡು ಕೂತರು. ನನಗೆ ತಡೆಯಲಾಗಲಿಲ್ಲ.

“ಏನಾಯ್ತು ಅತ್ತೆ?”

“ಚೆನ್ನಾಗೇ ಆಯ್ತು. ನಿನ್ನೆ ಎಲ್ಲಿಗೆ ಹೋಗಿದ್ರಿ ಅಂತ ಕೇಳಿದ್ರು. ಐ ವೆಂಟ್ ಟು ಮಾರ್ಕೆಟ್ ಅಂದೆ. ನಿಮ್ಮ ಮಗ ಎಲ್ಲಿ ಅಂದ್ರು. ಹಿ ಹ್ಯಾಸ್ ಗಾನ್ ಟು ವರ್ಕ್ ಅಂದೆ. ಮೇಡಂ ಚಪ್ಪಾಳೆ ತಟ್ಟಿದ್ರು.”

“ಮತ್ತೆ ಮುಖ ಯಾಕೆ ಹೀಗಿದೆ?”

“ಆಮೇಲೆ ಬಾಗಿಲಿಗೆ ಕರ್ಕೊಂಡು ಹೋದ್ರು.”

ನಾನು ಎಣಿಸಿದಂತೆ ಅದು ಕೋಣೆಯೊಳಗಿನ ಪರೀಕ್ಷೆಯಾಗಿ ಮುಗಿದಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ವಾರ್ಡಿನಿಂದ ಒಬ್ಬಳು ತಾಯಿ ಮಗುವನ್ನು ಕರೆದುಕೊಂಡು ಹೊರಟಿದ್ದಳು. ಬಹಳ ದಿನ ಇದ್ದ ಮಗುವಂತೆ, ಕೈಯಲ್ಲಿ ಸೂಜಿ ಹಾಕಲು ನರ ಸಿಗದೆ ಕಾಲಿಗೆ ಹಾಕಿದ್ದರಂತೆ. ಒಳ್ಳೆಯದೇ ಆಯಿತು, ಇವರಿಗೇ ಹೇಳಿ, ನಾನು ಇಲ್ಲೇ ನಿಂತು ನೋಡುತ್ತೇನೆ ಎಂದರಂತೆ ಮೇಡಂ. ಅತ್ತೆ ಚೀಲ ಆಚೆ ಇಟ್ಟರು, ಮಗುವನ್ನು ದಾಟಿಸಿದರು. ಥ್ಯಾಂಕ್ ಯು ಎಂದರು. ಅಲ್ಲಿಗೆ ನಿಂತರು.

“ಯಾಕತ್ತೆ, ಮರೆತುಹೋಯ್ತಾ?”

“ಮರೆಯೋದೆಲ್ಲಿ ಬಂತು. ನಾಲಿಗೆ ತುದೀಲೇ ಇತ್ತು. ಆ ಮಗು ನನ್ನೇ ನೋಡ್ತಿತ್ತು ಕಣೆ, ನಾನು ಬೆರಳು ಎತ್ತುತ್ತೀನಿ ಅಂತ ಕಾಯ್ತಿತ್ತು. ನಾನು, ಹೋಗಮ್ಮ ಹೋಗು, ಇನ್ನೊಂದ್ಸಲ ಬಂದೀಯ ಅಂದ್ಬಿಟ್ಟೆ.”

“ಮೇಡಂ ಏನಂದ್ರು?”

“ಪಾಪ ಒಳ್ಳೇ ಹುಡುಗಿ. ಆಂಟಿ, ಪರವಾಗಿಲ್ಲ, ಅವರಿನ್ನೂ ಲಿಫ್ಟ್ ಹತ್ರಾನೇ ಇದಾರೆ, ಕೂಗಿ ಕರೆದು ಹೇಳ್ಬಿಡಿ, ನಾನು ಪಾಸ್ ಹಾಕ್ತೀನಿ ಅಂದ್ಳು.”

“ಕರೀಬೇಕಿತ್ತು!”

ಅವರು ತಲೆಯೆತ್ತಿ ನನ್ನನ್ನು ನೋಡಿದಾಗ ನನಗೇ ಹೊಳೆಯಿತು. ಹೊರಟವರನ್ನು ಹಿಂದಿನಿಂದ ಕೂಗುವುದು. ಕೂಗಿ, ಮತ್ತೆ ಬನ್ನಿ ಎನ್ನುವುದು. ಆ ವಾರ್ಡಿನಲ್ಲಿ ಅವರಿಂದ ಆಗದ ಎರಡು ಕೆಲಸಗಳನ್ನು ಆ ಮೇಡಂ ಒಟ್ಟಿಗೇ ಕೇಳಿದ್ದರು, ಅದೂ ಉಪಕಾರ ಮಾಡಲೆಂದು.

“ನಾನು ಚಾದರ ಕೀಳೋಕೆ ಒಳಗೆ ಹೋದೆ” ಎಂದರು ಅತ್ತೆ. ಪುಟ್ಟಿ ಅವರ ಬಳೆ ಹಿಡಿದು ಜಗ್ಗುತ್ತಿದ್ದಳು. “ಒಂದು ಮಾತು ಆಡಿದ್ರೆ ಆಗಿಹೋಗ್ತಿತ್ತು. ನಿನ್ನ ಅಂಗಡಿ ಕೆಲಸಾನೂ ಉಳೀತಿತ್ತು. ಗೊತ್ತು ನನಗೆ.”

ಅನ್ನಬೇಕೆನಿಸಿದ್ದು ಬೇಕಾದಷ್ಟಿತ್ತು. ಒಳಗೆ ಹೋಗಿ ಒಗೆದ ಬಟ್ಟೆಗಳನ್ನು ಒಂದೊಂದಾಗಿ ಮಡಚಿದೆ. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟಿನಷ್ಟು ಆಯಾಸದ್ದು ಇನ್ನೊಂದಿಲ್ಲ.

ಅತ್ತೆ ಲಾಂಡ್ರಿಗಿಳಿದರು. ಅವರ ಜಾಗಕ್ಕೆ ಟೈ ಕಟ್ಟಿದ ಚುರುಕು ಹುಡುಗಿಯೊಬ್ಬಳು ಬಂದಳು. ನಾನು ಅಂಗಡಿಗೆ ಫೋನು ಮಾಡಿ ಇನ್ನೂ ಸ್ವಲ್ಪ ದಿನ ಆಗಲ್ಲ ಎಂದೆ. ಅವರು ಆಯಿತಮ್ಮ ಎಂದ ದನಿಯಲ್ಲೇ ಬೇರೆಯವರನ್ನು ನೋಡಿಕೊಳ್ಳುತ್ತಾರೆಂದು ತಿಳಿಯಿತು. ಇಸ್ತ್ರಿ ಹಾಕಿದ ಸೀರೆಗಳು ಬೀರುವಿನಲ್ಲಿ ಹಾಗೇ ಉಳಿದವು. ಅತ್ತೆ ರಾತ್ರಿ ಊಟದ ಹೊತ್ತಿಗೆ ಬರುತ್ತಿದ್ದರು, ಬೆರಳ ತುದಿಯೆಲ್ಲ ನೆನೆದು ಬಿಳಿಚಿ ಸುಕ್ಕಾಗಿರುತ್ತಿತ್ತು. ಕೂತು ಉಸಿರು ಸುಧಾರಿಸಿಕೊಳ್ಳುತ್ತಿದ್ದರು. ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ಜಗಳವಲ್ಲ. ಇಬ್ಬರಿಗೂ ಸಾಕಾಗಿರುತ್ತಿತ್ತು, ಅಷ್ಟೆ. ಕಪಾಟಿನ ಮೇಲಿನ ಹಾಳೆ ಎಣ್ಣೆ ಕುಡಿದು ಹಳದಿಯಾಯಿತು. ಕೀಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಚಳಿ ಬಿದ್ದಾಗ ಪುಟ್ಟಿಗೆ ನೆಗಡಿಯಾಯಿತು. ನೆಗಡಿ ಎದೆಗಿಳಿಯಿತು. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದನ್ನು ಕಂಡು ಅವಳನ್ನು ಎತ್ತಿಕೊಂಡು ಓಡಿದೆ. ಅದೇ ಆಸ್ಪತ್ರೆ, ಅದೇ ಮಕ್ಕಳ ವಾರ್ಡು. ಪುಟ್ಟಿಯ ಮುಖಕ್ಕೆ ಔಷಧಿ ಹಬೆಯ ಮಾಸ್ಕ್ ಹಿಡಿದು ನಾನು ಕೂತೇ ಇದ್ದೆ. ಅತ್ತೆ ಪಾಳಿಯ ನಡುವೆ ಮೇಲೆ ಬರುವ ಹಾಗಿರಲಿಲ್ಲ. ಲಾಂಡ್ರಿಯ ಉಡುಪಿನವರು ವಾರ್ಡಿಗೆ ಕಾಲಿಡಕೂಡದು. ಪಾಳಿ ಮುಗಿದ ಮೇಲೆ ಬಟ್ಟೆ ಬದಲಿಸಿ, ಭೇಟಿಗೆ ಬಂದ ನೆಂಟರಂತೆ ಬಂದು ಮಂಚದ ತುದಿಯಲ್ಲಿ ನಿಲ್ಲುತ್ತಿದ್ದರು. ತಾವೇ ಅಷ್ಟು ವರ್ಷ ಓಡಾಡಿದ ಜಾಗದಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ ಡಾಕ್ಟರು ಪುಟ್ಟಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಕರೆದುಕೊಂಡು ಹೋಗಿ ಎಂದರು. ಗಂಡ ಗಾಡಿ ತರಲು ಹೋದರು. ಟೈ ಕಟ್ಟಿದ ಹುಡುಗಿ ನನ್ನ ಚೀಲವನ್ನು ಬಾಗಿಲವರೆಗೆ ತಂದುಕೊಟ್ಟಳು, ಪುಟ್ಟಿಯ ಕೆನ್ನೆ ಮುಟ್ಟಿದಳು. ನಿಜವಾಗಿಯೂ ಸಂತೋಷಪಟ್ಟೇ ನಕ್ಕು, “ಥ್ಯಾಂಕ್ ಯು ಮ್ಯಾಮ್, ಪ್ಲೀಸ್ ವಿಸಿಟ್ ಅಗೇನ್” ಎಂದಳು.

ನಾನೇ ಸಾವಿರ ಸಲ ಆಡಿದ ಮಾತು. ನಾನೇ ಅತ್ತೆಗೆ ಉಚ್ಚಾರ ತಿದ್ದಿ ಕಲಿಸಿದ ಮಾತು. ಇಂಥದ್ದನ್ನೆಲ್ಲ ನಾನು ನಂಬುವವಳೂ ಅಲ್ಲ. ಆದರೆ ಲಿಫ್ಟಿನೊಳಗೆ ನಿಂತು ಬೆರಳು ಎತ್ತಿದಾಗ, ನೆಲ ಅಂತಸ್ತಿನ ಗುಂಡಿ ಒತ್ತಲು ಆಗಲಿಲ್ಲ. ನೆಲಮಾಳಿಗೆಯದನ್ನು ಒತ್ತಿದೆ.

ಬಾಗಿಲು ತೆರೆಯುತ್ತಲೇ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಯಂತ್ರಗಳ ಸದ್ದಿನ ನಡುವೆ ಅತ್ತೆ ಒಬ್ಬರೇ, ಚಾದರಗಳ ಗುಡ್ಡೆಯ ಮುಂದೆ ನಿಂತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ನನ್ನನ್ನು ನೋಡಿ ಅದನ್ನು ಕೆಳಗೆಳೆದು, ಗದರಿದರು.

“ಬುದ್ಧಿ ಇದೆಯಾ ನಿನಗೆ? ಎದೆ ಕಟ್ಟಿದ ಮಗೂನ ಈ ಘಾಟಿಗೆ ಕರ್ಕೊಂಡು ಬಂದಿದೀಯಲ್ಲ!”

“ಅತ್ತೆ, ಅವಳು ಮೇಲೆ…” ಎಂದೆ. “ವಿಸಿಟ್ ಅಗೇನ್ ಅಂದ್ಬಿಟ್ಳು.”

ಅವರಿಗೆ ಅರ್ಥವಾಯಿತು. ಪಕ್ಕದ ಬುಟ್ಟಿಯಿಂದ ಒಂದು ಚಾದರ ಎಳೆದು ತೋರಿಸಿದರು. ಅದರ ಒಂದು ಮೂಲೆಯಲ್ಲಿ ಗಂಟು ಹಾಕಿತ್ತು.

“ಇದು ಇವಳದ್ದೇ. ಈಗಷ್ಟೇ ಮೇಲಿಂದ ಕೊಳವೇಲಿ ಇಳೀತು.”

“ನಿಮಗೆ ಹೇಗೆ ಗೊತ್ತು?”

“ಮೇಲಿನ ಸಿಸ್ಟರ್ ನನಗೆ ಗೊತ್ತಾಗ್ಲಿ ಅಂತ ಹಾಕಿ ಕಳಿಸ್ತಾಳೆ. ದಿನಾ ಬದಲಾಯಿಸೋ ಚಾದರಕ್ಕೆ ಗಂಟಿಲ್ಲ. ಮಗು ಮನೆಗೆ ಹೊರಟ್ರೆ ಮಾತ್ರ ಗಂಟು. ಇಲ್ಲಿನ ಮೇಸ್ತ್ರಿ ದಿನಾ ಬೈಕೋತಾನೆ, ಮಿಷನ್‌ಗೆ ಸಿಕ್ಕಿಹಾಕ್ಕೊಳುತ್ತೆ ಅಂತ. ಬೈಕೊಳ್ಳಲಿ, ಬಿಚ್ಚೋಳು ನಾನಲ್ವಾ.”

ಸುಕ್ಕಾದ ಬೆರಳುಗಳಿಂದ ಆ ಗಂಟನ್ನು ಬಿಚ್ಚಿದರು. “ಗೋ” ಎಂದರು. ಚಾದರವನ್ನು ಯಂತ್ರದೊಳಗೆ ಎಸೆದು, “ವೆಂಟ್” ಎಂದರು. ಗಾಜಿನ ಬಾಗಿಲನ್ನು ಧಡ್ಡನೆ ಮುಚ್ಚಿ, “ಗಾನ್.” ಆಮೇಲೆ ನನ್ನತ್ತ ತಿರುಗಿ, “ಕಲ್ತಿದ್ದು ದಂಡ ಆಗ್ಬಾರ್ದಲ್ಲ” ಎಂದರು. ನಗಲಿಲ್ಲ, ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು. ನಾನು ಅವರ ಬೆನ್ನು ನೀವುತ್ತ, ಈ ಕೆಮ್ಮನ್ನು ಎಷ್ಟು ದಿನದಿಂದ ಕೇಳಿಯೂ ಕೇಳದ ಹಾಗಿದ್ದೇನೆ ಎಂದು ನೆನೆಸಿಕೊಂಡೆ.

“ಮನೇಲಿ ಇವರ ಹತ್ರ ಮಾತಾಡ್ತೀನಿ ಅತ್ತೆ. ಇಲ್ಲಿ ಬೇಡ ನಿಮಗೆ. ಬಿಟ್ಬಿಡಿ.”

“ಬಿಟ್ಟು? ನೀನು ಅಂಗಡಿಗೆ ಹೋಗ್ತೀಯಾ?”

“ಆ ಕೆಲಸ ಹೋಯ್ತು. ಬೇರೆ ನೋಡ್ತೀನಿ.”

“ನೋಡು. ಸಿಕ್ಕ ದಿನ ಬಿಡ್ತೀನಿ” ಎಂದರು. “ಅಲ್ಲೀವರೆಗೆ ಈ ಗಂಟು ಯಾರು ಬಿಚ್ತಾರೆ?”

ಪುಟ್ಟಿ ಯಂತ್ರದೊಳಗೆ ತಿರುಗುವ ಬಟ್ಟೆಗಳನ್ನೇ ನೋಡುತ್ತಿದ್ದಳು. ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ಮುಂದೆ ಬೆರಳೆತ್ತಿದರು. ರಾತ್ರಿ ಮನೆಯಲ್ಲಿ ಮತ್ತೆ ಅದೇ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಬೇಕಾದವರು, ಮುಖ ಗಂಟಿಕ್ಕಿಕೊಂಡು, “ಹೋಗಮ್ಮ ಹೋಗು. ಇನ್ನೊಂದ್ಸಲ ಈ ಕಡೆ ತಲೆ ಹಾಕಿದ್ರೆ ನೋಡು ಮತ್ತೆ!” ಎಂದರು.

ನಾನು ‘ಬರ್ತೀನಿ’ ಎನ್ನಲು ಹೋಗಿ ತಡೆದುಕೊಂಡೆ. ಲಿಫ್ಟಿನ ಬಾಗಿಲು ಮುಚ್ಚುವಾಗ ಅವರು ಮೂಗಿನ ಬಟ್ಟೆಯನ್ನು ಮೇಲೆಳೆದುಕೊಂಡು, ಗುಡ್ಡೆಯಲ್ಲಿ ಇನ್ನೊಂದು ಗಂಟಿಗಾಗಿ ಕೈಯಾಡಿಸುತ್ತಿದ್ದರು.